ಮಂಚದ ಕೆಳಗಿನ ಮಣ್ಣು

ದುಯಿಲಿಯೊ ಕ್ರೇಸ್ತಿಯವರನ್ನು ನಾನು ಮೊದಲು ಕಂಡದ್ದು ಇಟಲಿಯ ಸಿಯೆನಾದಲ್ಲಿ, ಸಾನ್ ಮಾರ್ಕೊ ಬೀದಿಯ ಹತ್ತಿರದ ಶಾಲೆಗೆ ವರ್ಗವಾಗಿ ಬಂದ ದಿನ. ಅವರು ಅಧ್ಯಾಪಕರ ಕೊಠಡಿಯ ನೆಲದ ಮೇಲೆ ಕುಳಿತು, ನನ್ನದಾಗಬೇಕಿದ್ದ ಕುರ್ಚಿಯನ್ನು ತಲೆಕೆಳಗಾಗಿ ಮಡಿಲಲ್ಲಿ ಇಟ್ಟುಕೊಂಡು, ಕೂರುವ ಜಾಗಕ್ಕೆ ಜೊಂಡುಹುಲ್ಲು ಹೆಣೆಯುತ್ತಿದ್ದರು. ಊರಿನ ಅರ್ಧ ಕುರ್ಚಿಗಳು ಅವರ ಕೈಯಲ್ಲಿ ಹಾದುಹೋದಂಥವು. ನನ್ನನ್ನು ಕಂಡು ಅವರು ಏಳಲಿಲ್ಲ, ಹೆಸರನ್ನೂ ಕೇಳಲಿಲ್ಲ.

"ಯಾವ ಕೇರಿ?" ಎಂದರು.

ನನ್ನದು ಗ್ರೊಸ್ಸೆತೊ ಎಂದೆ.

"ಊರು ಕೇಳ್ಲಿಲ್ಲ ಮೇಷ್ಟ್ರೇ. ಕೇರಿ."

ನನಗೆ ಯಾವ ಕೇರಿಯೂ ಇಲ್ಲವೆಂದೆ. ಅವರು ಹುಲ್ಲನ್ನು ಹಾಗೆಯೇ ಹಿಡಿದು, ಹೆತ್ತವರಿಲ್ಲದ ಮಗುವನ್ನು ನೋಡುವಂತೆ ನನ್ನನ್ನು ನೋಡಿದರು. ಆಮೇಲೆ, "ಇರ್ಲಿ ಬಿಡಿ, ಅದರಲ್ಲಿ ನಿಮ್ಮ ತಪ್ಪೇನಿದೆ" ಎಂದು ಸಮಾಧಾನ ಹೇಳಿ, ಕುರ್ಚಿಯನ್ನು ಮುಗಿಸಿಕೊಟ್ಟರು. ಆ ಕುರ್ಚಿಯ ಒಂದು ಎಳೆಯೂ ನನ್ನ ನಿವೃತ್ತಿಯ ದಿನದವರೆಗೆ ಸಡಿಲವಾಗಲಿಲ್ಲ.

ಸಿಯೆನಾದಲ್ಲಿ ಕೇರಿಯೆಂದರೆ ವಿಳಾಸವಲ್ಲ, ಹುಟ್ಟು. ಅಂಥವು ಹದಿನೇಳಿವೆ. ಒಂದೊಂದಕ್ಕೂ ಒಂದು ಬಾವುಟ, ಒಂದು ಚರ್ಚು, ಮಕ್ಕಳಿಗೆ ಕೇರಿಯ ದೀಕ್ಷೆ ಕೊಡುವ ಒಂದು ಕಾರಂಜಿ, ಜುಲೈ, ಆಗಸ್ಟಿನ ಓಟಗಳಿಗೆ ಪಾಳಿ ಬಂದಾಗ ಕಂಪೊ ಚೌಕದಲ್ಲಿ ಓಡಲು ಒಂದು ಕುದುರೆ. ದುಯಿಲಿಯೊ ಅವರದು ಬಸವನಹುಳುವಿನ ಕೇರಿ. ಅದಕ್ಕೆ ಬದ್ಧವೈರಿ ಪಕ್ಕದ ಆಮೆ ಕೇರಿ. ಓಟದಲ್ಲಿ ತಮ್ಮ ತಮ್ಮ ಪ್ರಾಣಿಯೇ ಮುಂದಿರಬೇಕೆಂದು ಬಸವನಹುಳುವಿನವರೂ ಆಮೆಯವರೂ ಕೈಕೈ ಮಿಲಾಯಿಸುವುದು ಹೊರಗಿನಿಂದ ಬಂದವರಿಗೆ ನಗೆ ತರಿಸಬಹುದು. ಮೊದಲ ವರ್ಷ ನಾನೂ ನಕ್ಕೆ. ಎರಡನೆಯ ವರ್ಷದಿಂದ ನಗುವುದನ್ನು ಬಿಟ್ಟೆ.

ದುಯಿಲಿಯೊ ಚಿಕ್ಕಂದಿನಲ್ಲಿಯೇ ಕೇರಿಯ ಡೋಲನ್ನು ಹೆಗಲಿಗೆ ಹಾಕಿಕೊಂಡವರು. ಮೆರವಣಿಗೆಯಲ್ಲಿ ಬಾವುಟ ಬೀಸುವವರನ್ನು ಜನ ನೋಡುತ್ತಾರೆ. ಡೋಲಿನವನನ್ನು ಯಾರೂ ನೋಡುವುದಿಲ್ಲ, ಆದರೆ ಅವನ ಕೈ ತಪ್ಪಿದರೆ ಎಲ್ಲರ ಕಾಲೂ ತಪ್ಪುತ್ತದೆ. ವಯಸ್ಸು ಮೀರಿದಾಗ ಡೋಲನ್ನು ಬೇರೊಂದು ಮನೆಯ ಹುಡುಗನಿಗೆ ಒಪ್ಪಿಸಬೇಕಾಯಿತು. ಕಡ್ಡಿಗಳನ್ನು ಮಾತ್ರ ಒಪ್ಪಿಸಲಿಲ್ಲ. ಅವು ಅಡುಗೆಮನೆಯ ಸೌಟುಗಳ ಜೊತೆ ಮಲಗಿದ್ದವು. ಗಂಡು ಸಂತಾನವಿರಲಿಲ್ಲ, ಇದ್ದವಳು ಎರ್ಸೀಲಿಯಾ ಒಬ್ಬಳೇ. ಹೆಣ್ಣುಮಕ್ಕಳು ಆಗ ಡೋಲು ಮುಟ್ಟುತ್ತಿರಲಿಲ್ಲ. ತನ್ನ ರಕ್ತದ ಒಂದು ಗಂಡುಮಗು ಬಸವನಹುಳುವಿನ ಡೋಲು ಹೊತ್ತು ಆ ಬೀದಿಯಲ್ಲಿ ನಡೆಯುವುದನ್ನು ನೋಡಿ ಸಾಯಬೇಕು: ಇಷ್ಟೇ ಆ ಮನುಷ್ಯನಿಗಿದ್ದ ಆಸೆ. ಹಾಗಾಗಿ ಅವರು ಮಗಳ ಮದುವೆಗೆ ಕಾದರು.

ಎರ್ಸೀಲಿಯಾ ಒಂದು ದಿನ ಅಳುತ್ತ ಬಂದು, ಒಬ್ಬ ಹುಡುಗನನ್ನು ಒಪ್ಪಿದ್ದೇನೆಂದಳು.

"ಕುಡೀತಾನಾ?" ಎಂದು ಕೇಳಿದರು ದುಯಿಲಿಯೊ.

"ಇಲ್ಲಪ್ಪ."

"ಜೂಜು?"

"ಇಲ್ಲ. ರೇಡಿಯೋ ರಿಪೇರಿ ಮಾಡ್ತಾನೆ."

"ಮತ್ಯಾಕೆ ಅಳ್ತಿದೀಯ?"

"ಆಮೆ, ಅಪ್ಪಾ."

ದುಯಿಲಿಯೊ ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. "ಕುಡುಕ ಆಗಿದ್ರೆ ಬಿಡಿಸಬಹುದಿತ್ತು" ಎಂದರು.

ಪರಿಚಯವಾದದ್ದು ಫ್ಲಾರೆನ್ಸಿಗೆ ಹೋಗುವ ರೈಲಿನಲ್ಲಿ. ಅಲ್ಲಿ ಯಾರೂ ಕೇರಿಯ ಬಾವುಟ ಹಿಡಿದು ಕೂರುವುದಿಲ್ಲವಾದ್ದರಿಂದ, ಇಬ್ಬರಿಗೂ ಸಂಗತಿ ತಿಳಿಯುವ ಹೊತ್ತಿಗೆ ತಡವಾಗಿತ್ತು. ಹುಡುಗನ ಹೆಸರು ಇವಾನೊ, ಮೆತ್ತನೆಯ ಸ್ವಭಾವದವನು. ಮೊದಲ ಸಲ ಮನೆಗೆ ಬಂದಾಗ ಬಾಗಿಲಲ್ಲೇ ನಿಂತು, "ಒಳಗೆ ಬರ್ಲಾ ಮಾವ, ಅಥವಾ ಎರ್ಸೀಲಿಯಾನೇ ಹೊರಗೆ ಬರ್ಬೇಕಾ?" ಎಂದು ಕೇಳಿದನಂತೆ. ದುಯಿಲಿಯೊ ಅವನನ್ನು ಒಳಗೆ ಕರೆದು, ಹೆಣೆಯದ ಕುರ್ಚಿಯನ್ನು ತೋರಿಸಿ ಕೂರು ಎಂದರು. ಅವನು ಅದರ ಚೌಕಟ್ಟಿನ ಮೇಲೆಯೇ ಊಟ ಮುಗಿಯುವವರೆಗೆ ಕುಳಿತಿದ್ದ. ಅಂದಿನಿಂದ ಅವರಿಗೆ ಅವನ ಮೇಲೆ ಒಳಗೊಳಗೇ ಮರ್ಯಾದೆ ಹುಟ್ಟಿತು.

ಮದುವೆಯ ಊಟದಲ್ಲಿ ಎರಡು ವಿಷಯಗಳು ಇತ್ಯರ್ಥವಾದವು. ಮೊದಲನೆಯದು, ಓಟದ ನಾಲ್ಕು ದಿನ ಹೆಂಡತಿ ತವರಿಗೆ ಹೋಗುವುದು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ನಾಲ್ಕು ದಿನ ಬಸವನಹುಳುವಿನ ಹೆಣ್ಣೂ ಆಮೆಯ ಗಂಡೂ ಒಂದೇ ಸೂರಿನ ಕೆಳಗಿರುವುದು ಯಾರಿಗೂ ಒಳ್ಳೆಯದಲ್ಲ. ಎರಡನೆಯದು ಮಕ್ಕಳ ವಿಷಯ. ಮಗು ಯಾವ ನೆಲದ ಮೇಲೆ ಹುಟ್ಟುತ್ತದೋ ಆ ಕೇರಿಗೆ ಸೇರಿದ್ದು ಎಂಬುದು ಹಳೆಯ ನಿಯಮ. ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ. ಆಸ್ಪತ್ರೆಯ ನೆಲ ಮೂರನೆಯ ಕೇರಿಯೊಂದರದು. ಊರಿನ ಮಕ್ಕಳನ್ನೆಲ್ಲ ಮೂರನೆಯವರಿಗೆ ಬಿಟ್ಟುಕೊಡಲಾದೀತೆ? ಅದಕ್ಕೆ ಜನ ತಮ್ಮ ಕೇರಿಯ ಮಣ್ಣನ್ನು ಗಂಟು ಕಟ್ಟಿಕೊಂಡು ಹೋಗಿ ಹೆರಿಗೆಯ ಮಂಚದ ಕೆಳಗೆ ಇಡುತ್ತಿದ್ದರು. ಮಗು ಹುಟ್ಟುವ ಗಳಿಗೆಯಲ್ಲಿ ಯಾರ ಮಣ್ಣು ಕೆಳಗಿರುತ್ತದೋ ಮಗು ಅವರದು ಎಂದು ಎರಡು ಕಡೆಯವರೂ ಕೈಕುಲುಕಿದರು. ಆಮೆಯವರು ನಗುನಗುತ್ತಲೇ ಕೈಕುಲುಕಿದರು. ಸಂಸಾರ ಹೂಡುವುದು ಅವರ ಕೇರಿಯಲ್ಲಿ. ಮಣ್ಣು ಹೊರುವವರೂ ಅವರೇ ತಾನೆ?

ಎರ್ಸೀಲಿಯಾಗೆ ದಿನ ತುಂಬುವುದು ಸೆಪ್ಟೆಂಬರಿನಲ್ಲಿತ್ತು. ಆಗಸ್ಟಿನ ಓಟಕ್ಕೆ ಅವಳು ರೂಢಿಯಂತೆ ಚೀಲ ಹಿಡಿದು, ಹೊಟ್ಟೆ ಹೊತ್ತು ತವರಿಗೆ ಬಂದಳು. ಓಟದ ಹಿಂದಿನ ಸಂಜೆ, ಕೇರಿಗೆ ಕೇರಿಯೇ ಪರೀಕ್ಷಾ ಓಟ ನೋಡಲು ಕಂಪೊ ಚೌಕಕ್ಕೆ ಹೋಗಿದ್ದಾಗ, ಅವಳಿಗೆ ನೋವು ಶುರುವಾಯಿತು.

ಅರ್ಮೀದಾ, ದುಯಿಲಿಯೊ ಅವರ ಹೆಂಡತಿ, ಮಗಳನ್ನು ಹಿಡಿದುಕೊಂಡು ಮೆಟ್ಟಿಲಿಳಿದು, ಆಸ್ಪತ್ರೆಗೆಂದು, ಚೌಕಕ್ಕೆ ಹೋಗದೆ ಉಳಿದಿದ್ದ ನೆರೆಯವರೊಬ್ಬರ ಮೂರು ಚಕ್ರದ ತರಕಾರಿ ಗಾಡಿಯಲ್ಲಿ ಕೂರಿಸಿದರು. ದುಯಿಲಿಯೊ ಮೇಲೆಯೇ ಉಳಿದರು. ದೇವರು ಇಂಥ ಅವಕಾಶವನ್ನು ತಾನಾಗಿ ತಂದು ಬಾಗಿಲಲ್ಲಿ ಇಳಿಸಿದ್ದಾನೆ, ಮಣ್ಣೆಲ್ಲಿ? ಬೀದಿಯೆಲ್ಲ ಕಲ್ಲುಹಾಸು. ಕೋಟೆಗೋಡೆಯ ಬುಡದಲ್ಲಿ ಕೇರಿಯ ತರಕಾರಿ ತೋಟವೊಂದಿತ್ತು, ಅದಕ್ಕೆ ಬೀಗ. ಕೀಲಿ ಇದ್ದವನು ಚೌಕದಲ್ಲಿ ಸಾವಿರಾರು ಜನರ ನಡುವೆ ಕುದುರೆಯ ಹೆಸರು ಹಿಡಿದು ಕೂಗುತ್ತಿದ್ದ. ಆಗ ಕಣ್ಣಿಗೆ ಬಿದ್ದದ್ದು ಕಿಟಕಿಯಲ್ಲಿದ್ದ, ಅಡುಗೆಗೆ ಹಾಕುವ ಕಾಮಕಸ್ತೂರಿಯ ಕುಂಡ. ಬಹಳ ವರ್ಷಗಳಿಂದ ಅದು ಬಸವನಹುಳುವಿನ ಬಿಸಿಲು ಕುಡಿದು, ಬಸವನಹುಳುವಿನ ನೀರು ಕುಡಿದು ಅಲ್ಲೇ ಇತ್ತು. ದುಯಿಲಿಯೊ ಗಿಡವನ್ನು ಕಿತ್ತು ಪಾತ್ರೆ ತೊಳೆಯುವ ತೊಟ್ಟಿಗೆ ಹಾಕಿ, ಮಣ್ಣನ್ನು ದಿಂಬಿನ ಚೀಲಕ್ಕೆ ಸುರಿದುಕೊಂಡು, ಗಾಡಿಯ ಹಿಂದೆ ಓಡಿದರು.

ಹೆರಿಗೆ ಕೋಣೆಯ ಬಾಗಿಲಲ್ಲಿ ಸನ್ಯಾಸಿನಿ ದಾದಿಯೊಬ್ಬರು ತಡೆದರು.

"ಏನದು?"

"ಮಣ್ಣು, ಸಿಸ್ಟರ್."

"ಯಾರದು?"

"ಬಸವನಹುಳು."

"ಎಡಗಡೆ ಇಡಿ. ಬಲಗಡೆ ಬಕೆಟ್ ಇದೆ."

ಇಟ್ಟು ಹೊರಗೆ ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು. ಗಂಡುಮಗು.

ಇವಾನೊನಿಗೆ ಸುದ್ದಿ ಮುಟ್ಟಿದ್ದು ತಡವಾಗಿ. ಕೊರಳಿನ ನೀಲಿ ಹಳದಿ ವಸ್ತ್ರವನ್ನು ಜೇಬಿಗೆ ತುರುಕಿಕೊಂಡು, ಒಂದು ಬಿಸ್ಕತ್ತಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅವನು ಓಡಿಬಂದ. ಡಬ್ಬಿಯಲ್ಲಿದ್ದದ್ದು ಬಿಸ್ಕತ್ತಲ್ಲ.

"ಗಂಡು" ಎಂದರು ದುಯಿಲಿಯೊ.

"ಎರ್ಸೀಲಿಯಾ?"

"ಚೆನ್ನಾಗಿದಾಳೆ. ನಿನ್ನನ್ನ ಬೈತಿದಾಳೆ."

ಇವಾನೊ ಒಳಗೆ ಹೋಗಿ ಹೆಂಡತಿಗೆ ಮುತ್ತಿಟ್ಟು, ಮಗುವನ್ನು ನೋಡಿ, ಕೊನೆಗೆ ಬಗ್ಗಿ ಮಂಚದ ಕೆಳಗೂ ನೋಡಿದ. ಹೊರಗೆ ಬಂದು ಬೆಂಚಿನ ಮೇಲೆ ಮಾವನ ಪಕ್ಕ ಕುಳಿತ.

"ನಿಮ್ಮದಾ ಮಾವ?"

"ನಮ್ಮದು."

"ಮಾತು ಅಂದ್ರೆ ಮಾತು" ಎಂದ ಇವಾನೊ. ಡಬ್ಬಿ ತೊಡೆಯ ಮೇಲಿತ್ತು. "ನಮ್ಮಮ್ಮನಿಗೆ ಹೇಳೋದು ಹೆಂಗೆ ಅಂತ ಯೋಚನೆ, ಅಷ್ಟೇ" ಎಂದು ಹೇಳಿ, ಸದ್ದಿಲ್ಲದೆ ಅತ್ತ. ದುಯಿಲಿಯೊ ಕರವಸ್ತ್ರ ಕೊಟ್ಟರು. ಆಮೆಯವನೊಬ್ಬನಿಗೆ ತಾನು ಕರವಸ್ತ್ರ ಕೊಟ್ಟದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದರು. ಅದು ವಾಪಸ್ಸು ಬರಲಿಲ್ಲವೆಂದೂ ಹೇಳಿದರು.

ಮರುದಿನ ಬೆಳಗ್ಗೆ ಅರ್ಮೀದಾ ಅಡುಗೆಮನೆಗೆ ಬಂದು, ತೊಟ್ಟಿಯಲ್ಲಿ ಬಾಡಿ ಬಿದ್ದಿದ್ದ ಗಿಡವನ್ನೂ ಖಾಲಿ ಕುಂಡವನ್ನೂ ನೋಡಿದರು.

"ದುಯಿಲಿಯೊ, ಇದರ ಮಣ್ಣೆಲ್ಲಿ?"

"ಎಲ್ಲಿರಬೇಕೋ ಅಲ್ಲಿದೆ" ಎಂದರು ದುಯಿಲಿಯೊ, ರಾಜನ ಗತ್ತಿನಲ್ಲಿ. "ನಿನ್ನ ಮೊಮ್ಮಗನ ಕೆಳಗೆ."

ಅರ್ಮೀದಾ ಕುರ್ಚಿ ಎಳೆದುಕೊಂಡು ಕುಳಿತರು.

"ಅದು ನಮ್ಮ ಮಣ್ಣಲ್ಲ ಕಣೋ."

"ಅಂದ್ರೆ?"

"ನಮ್ಮ ಕೇರಿ ಮಣ್ಣು ಜೇಡಿ. ಅದರಲ್ಲಿ ಕಾಮಕಸ್ತೂರಿ ಒಂದು ತಿಂಗಳು ಬದುಕಲ್ಲ. ಮೂರು ಸಲ ಒಣಗಿಹೋಯ್ತು. ಆಮೇಲೆ ನಾನು ಆ ಕಡೆ ಗಿಡದ ತೋಟದ ಮಾಲಿ ಹತ್ರ ಒಂದು ಬುಟ್ಟಿ ಮಣ್ಣು ಇಸ್ಕೊಂಡು ಬಂದೆ."

"ಆ ಕಡೆ ಅಂದ್ರೆ ಯಾವ ಕಡೆ?"

ಆ ಕಡೆ ಇರುವುದು ಒಂದೇ ಕಡೆ.

"ಆಮೆ ಮಣ್ಣಾ?" ಎಂದರು ದುಯಿಲಿಯೊ. "ಇಷ್ಟು ವರ್ಷ ನಾನು ಆಮೆ ಮಣ್ಣಲ್ಲಿ ಬೆಳೆದಿದ್ದು ತಿಂತಿದ್ನಾ?"

"ಎರಡೆರಡು ಸಲ ಬಡಿಸ್ಕೊಂಡು ತಿಂತಿದ್ದೆ."

ಹೀಗೆ ದುಯಿಲಿಯೊ ಕ್ರೇಸ್ತಿಯವರು ತಮ್ಮ ಸ್ವಂತ ಕೈಯಿಂದ, ಸ್ವಂತ ದಿಂಬಿನ ಚೀಲದಲ್ಲಿ, ಆಮೆ ಕೇರಿಯ ಮಣ್ಣನ್ನು ಹೊತ್ತುಕೊಂಡು ಹೋಗಿ, ತಮ್ಮ ಮೊಮ್ಮಗನನ್ನು ಆಮೆ ಮಾಡಿ ಬಂದಿದ್ದರು.

ಈ ಸಂಗತಿ ಬಲ್ಲವರು ಪ್ರಪಂಚದಲ್ಲಿ ಇಬ್ಬರೇ. ಉಳಿದವರೆಲ್ಲ ಸಂತೋಷದಲ್ಲಿದ್ದರು. ಬಸವನಹುಳುವಿನ ಕೇರಿ ದುಯಿಲಿಯೊ ಅವರನ್ನು ಭುಜದ ಮೇಲೆ ಹೊತ್ತು ಮೆರೆಸಿತು. ಓಟದಲ್ಲಿ ಸೋತಿದ್ದರೂ ಶತ್ರುವಿನ ಮನೆಯಿಂದ ಒಂದು ಗಂಡುಮಗುವನ್ನೇ ಗೆದ್ದುಕೊಂಡು ಬಂದದ್ದು ಸಣ್ಣ ಮಾತೆ? ಕೇರಿಯ ಊಟದಲ್ಲಿ ಅವರಿಗೆ ಮುಖ್ಯಸ್ಥರ ಎಡಗಡೆಯ ಜಾಗ ಸಿಕ್ಕಿತು. ಮಗುವಿಗೆ ಆಲ್ವಾರೊ ಎಂದು ಹೆಸರಾಯಿತು. ಮುಂದಿನ ಜೂನ್ ಕೊನೆಗೆ, ಕೇರಿಯ ಹಬ್ಬದ ದಿನ, ಕಾರಂಜಿಯ ನೀರು ತಲೆಗೆ ಹಾಕಿ ಅವನಿಗೆ ದೀಕ್ಷೆ ಎಂದು ನಿಶ್ಚಯವಾಯಿತು. ಆ ನೀರು ಬಿದ್ದರೆ ಮುಗಿಯಿತು. ಸಾಯುವವರೆಗೆ ಅವನು ಬಸವನಹುಳು.

ದುಯಿಲಿಯೊ ಅವರಿಗೆ ಮಾತ್ರ ಊಟ ರುಚಿಸದಾಯಿತು. ಹೆಣೆದ ಕುರ್ಚಿಗಳು ಒಂದು ಕಡೆಗೆ ವಾಲತೊಡಗಿದವು.

"ನಾನು ಯಾರಿಗೂ ಹೇಳಲ್ಲ" ಎಂದರು ಅರ್ಮೀದಾ. "ಮಣ್ಣಿಗೆ ಬಾಯಿಲ್ಲ."

"ನಾಳೆ ಅವನು ಡೋಲು ಬಾರಿಸ್ತಾನೆ. ಆಮೆಯವನು ನಮ್ಮ ಡೋಲು ಬಾರಿಸ್ತಾ ನಮ್ಮ ಬಾವುಟದ ಮುಂದೆ ನಡೀತಾನೆ. ಜನ ಚಪ್ಪಾಳೆ ತಟ್ತಾರೆ. ನಾನೂ ತಟ್ಟಬೇಕು."

"ಅಷ್ಟು ವರ್ಷ ನಮ್ಮ ಕಿಟಕೀಲಿತ್ತಲ್ಲ, ಅದು ನಮ್ಮದೇ ಆಯ್ತು ಅನ್ಕೋ."

"ಆ ಮೇಷ್ಟ್ರು ಎಷ್ಟು ವರ್ಷದಿಂದ ನಮ್ಮ ಕೇರೀಲಿದಾರೆ? ಬಸವನಹುಳು ಆದ್ರಾ?"

ಆ ಮೇಷ್ಟ್ರು ನಾನು. ಈ ಮಾತನ್ನೂ ಆಮೇಲೆ ದುಯಿಲಿಯೊ ಅವರೇ ನನಗೆ ಹೇಳಿದ್ದು.

ಜೂನ್ ಮಧ್ಯದಲ್ಲಿ ಆಮೆ ಕೇರಿಯ ಹಬ್ಬ ಬರುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಒಂದು ಸಾಯಂಕಾಲ ದುಯಿಲಿಯೊ ಕೋಟು ಹಾಕಿಕೊಂಡು, ತಲೆಬಾಚಿಕೊಂಡು, ನಡುವಿನ ಬೀದಿಯನ್ನು ದಾಟಿ ಆಮೆ ಕೇರಿಯೊಳಕ್ಕೆ ನಡೆದರು. ಮಗಳ ಮನೆಗೂ ಅವರು ಅದುವರೆಗೆ ಹೋಗಿರಲಿಲ್ಲ, ಅವಳೇ ಬರುತ್ತಿದ್ದಳು. ಬಾಗಿಲುಗಳಲ್ಲಿ ಕುಳಿತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಕೇರಿಯ ಮಂದಿ ಸೇರುವ ಹಜಾರದೊಳಕ್ಕೆ ಅವರು ಕಾಲಿಟ್ಟಾಗ ಇಸ್ಪೀಟಾಡುತ್ತಿದ್ದವರ ಕೈಗಳು ಗಾಳಿಯಲ್ಲೇ ನಿಂತವು.

"ಸಂತನ್ನ ಬಾವಿಗೆ ತಳ್ಳಿದೋರು ಬಂದ್ರು" ಎಂದಿತು ಹಿಂದಿನಿಂದ ಒಂದು ದನಿ. ಓಟ ಸೋತ ಸಿಟ್ಟಿಗೆ ಬಸವನಹುಳುವಿನವರು ಹಿಂದೊಮ್ಮೆ ಸಂತನ ವಿಗ್ರಹವನ್ನು ಬಾವಿಗೆ ಹಾಕಿದ್ದರೆಂದು ಊರು ಇಂದಿಗೂ ಆಡಿಕೊಳ್ಳುತ್ತದೆ. "ನಮ್ಮ ಬಾವಿ ಮುಚ್ಚಿದೆಯೇನ್ರೋ, ನೋಡಿ!"

ದುಯಿಲಿಯೊ ಅದಕ್ಕೆ ಕಿವಿಗೊಡಲಿಲ್ಲ. ಹಿರಿಯರಾದ ಗಾಸ್ಪೆರೊ ಅವರ ಮೇಜಿನ ಮುಂದೆ ನಿಂತು, "ಮಗು ನಿಮ್ಮದು. ತಗೊಳ್ಳಿ" ಎಂದರು.

ಗಾಸ್ಪೆರೊ ಎಲೆಗಳನ್ನು ಬೋರಲು ಹಾಕಿದರು.

"ಯಾಕೆ? ಮಗೂಗೆ ಏನಾಗಿದೆ?"

"ಏನೂ ಆಗಿಲ್ಲ. ಗುಂಡಗಿದಾನೆ."

"ಕಿವಿ ಕೇಳ್ಸುತ್ತಾ?"

"ಕೇಳ್ಸುತ್ತೆ."

"ಮತ್ಯಾಕೆ ಕೊಡ್ತಿದೀಯ?"

ದುಯಿಲಿಯೊ ಕುಂಡದ ಕಥೆಯನ್ನು ಮೊದಲಿನಿಂದ ಹೇಳಿದರು. ಯಾರೂ ನಗಲಿಲ್ಲ. ಇದು ನಗುವ ವಿಷಯವೆಂದು ಅಲ್ಲಿದ್ದ ಯಾರಿಗೂ ಅನಿಸಲಿಲ್ಲ. ಗಿಡದ ತೋಟದ ಮಾಲಿಯನ್ನು ಮನೆಯಿಂದ ಕರೆಸಿದರು. ಅವನು ಊಟದ ಬಟ್ಟೆಯನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದ. ಹೌದು, ಕುರ್ಚಿಯವರ ಹೆಂಡತಿಗೆ ಒಂದು ಬುಟ್ಟಿ ಕೊಟ್ಟಿದ್ದೆ, ದೊಡ್ಡ ಮರದ ಬುಡದ್ದು, ಒಳ್ಳೇ ಮಣ್ಣು ಎಂದ. ಶತ್ರುವಿಗೆ ಮಣ್ಣು ಕೊಟ್ಟದ್ದಕ್ಕೆ ಅವನಿಗೆ ಅಲ್ಲೇ ಬೈಗುಳ ಬಿತ್ತು. ಆ ಮಣ್ಣೇ ಒಂದು ಮಗುವನ್ನು ವಾಪಸ್ಸು ತಂದಿತೆಂದು ಹೊಳೆದ ಮೇಲೆ ಅವನಿಗೆ ವೈನ್ ಕೊಟ್ಟರು.

ಈ ಗಲಾಟೆಗೆ ಇವಾನೊ ಓಡಿಬಂದ. ವಿಷಯ ತಿಳಿದು ಮಾವನ ಕೈ ಹಿಡಿದುಕೊಂಡ.

"ಮಾವ, ಬಿಡಿ. ನಾನು ಒಪ್ಕೊಂಡಾಗಿದೆ, ಅಮ್ಮನೂ ನನ್ನ ಹತ್ರ ಮತ್ತೆ ಮಾತಾಡೋಕೆ ಶುರುಮಾಡಿದಾಳೆ. ನಿಮ್ಮ ಡೋಲಿಗೆ ಬೇರೆ ಯಾರಿದಾರೆ? ಅವನು ನಿಮಗೇ ಇರ್ಲಿ."

"ನೀನು ಕೊಡೋಕೆ ಅವನು ನಿನ್ನೋನಲ್ಲ. ನಾನು ತಗೊಳ್ಳೋಕೆ ನನ್ನೋನಲ್ಲ. ಮಣ್ಣು ಹೇಳಿದ ಹಾಗೆ" ಎಂದರು ದುಯಿಲಿಯೊ. ಗಾಸ್ಪೆರೊ ಒಂದು ಲೋಟ ವೈನ್ ಮುಂದಕ್ಕೆ ತಳ್ಳಿದರು. ದುಯಿಲಿಯೊ ಅದನ್ನು ಮುಟ್ಟಲಿಲ್ಲ. ಎಷ್ಟೆಂದರೂ ಅದು ಆಮೆ ಕೇರಿಯ ವೈನ್. ಕೋಟಿನ ಗುಂಡಿ ಹಾಕಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದರು. ಅವರು ಬೀದಿ ದಾಟುವವರೆಗೆ ಹಿಂದಿನಿಂದ ಯಾರೂ ಸಿಳ್ಳೆ ಹಾಕಲಿಲ್ಲ. ಆಮೆಯವರ ಲೆಕ್ಕದಲ್ಲಿ ಅದು ದೊಡ್ಡ ಮರ್ಯಾದೆ.

ಹಬ್ಬದ ದಿನ ಆಲ್ವಾರೊ ಆಮೆಯವರ ಕಾರಂಜಿಯಲ್ಲಿ ದೀಕ್ಷೆ ಪಡೆದ. ಬಸವನಹುಳುವಿನ ಕೇರಿ ಇದನ್ನು ಸುಲಭವಾಗಿ ನುಂಗಿಕೊಳ್ಳಲಿಲ್ಲ. ಕೇರಿಯ ಊಟದಲ್ಲಿ ದುಯಿಲಿಯೊ ಅವರ ಜಾಗ ಮುಖ್ಯಸ್ಥರ ಪಕ್ಕದಿಂದ ಬೆಂಚಿನ ಕೊನೆಗೆ, ಪಾತ್ರೆ ತೊಳೆಯುವವರ ಬಾಗಿಲಿನ ಹತ್ತಿರಕ್ಕೆ ಜರುಗಿತು. "ಆಮೆ ತಾತ" ಎಂಬ ಹೆಸರು ಬಿತ್ತು. ಕಟುಕನ ಅಂಗಡಿಯವನು, "ಆಮೆಗೆ ಮಾಂಸ ಯಾಕೆ, ಸೊಪ್ಪು ತಗೊಳ್ಳಿ" ಎನ್ನುತ್ತಿದ್ದ. ಕೇರಿಯ ಹಜಾರದ ಬೆಂಚು ಕುರ್ಚಿಗಳನ್ನು ಒಂದು ಇಡೀ ಚಳಿಗಾಲ ಯಾರೂ ದುರಸ್ತಿಗೆ ಕಳಿಸಲಿಲ್ಲ. ವಸಂತದ ಹೊತ್ತಿಗೆ ಕೂರಲಾರದಷ್ಟು ಹರಿದು, ಮುಖ್ಯಸ್ಥರೇ ಒಂದು ಸಲ ಕುರ್ಚಿಯೊಳಗಿಂದ ಕೆಳಕ್ಕೆ ಕುಸಿದ ಮೇಲೆ ಕಳಿಸಿದರು. ದುಯಿಲಿಯೊ ಹೆಣೆದುಕೊಟ್ಟರು. ಆ ಬೆಂಚಿನ ಕೊನೆಯ ಜಾಗವೇ ವಾಸಿ, ಪಲ್ಯ ಮೊದಲು ಅಲ್ಲಿಗೇ ಬರುತ್ತದೆ ಎಂದು ನನಗೆ ಹೇಳಿದರು.

ಆಲ್ವಾರೊನಿಗೆ ಡೋಲಿನ ಹುಚ್ಚು ಎಲ್ಲಿಂದ ಹತ್ತಿತೆಂದು ಕೇಳಬೇಕಾಗಿಲ್ಲ. ಅವನು ಎರಡು ಚಮಚ ಸಿಕ್ಕರೆ ಮೇಜನ್ನು ಬಿಡುತ್ತಿರಲಿಲ್ಲ. ಆಮೆ ಕೇರಿಯಲ್ಲಿ ಕಲಿಸುವವರಿಗೇನೂ ಬರವಿರಲಿಲ್ಲ. ಆದರೂ ಎರ್ಸೀಲಿಯಾ ಒಂದು ದಿನ ಅಪ್ಪನ ಮುಂದೆ ಬಂದು ನಿಂತಳು.

"ಅವನಿಗೆ ನೀನೇ ಹೇಳ್ಕೊಡಬೇಕಂತೆ."

"ಶತ್ರುವಿಗೆ ಕಲಿಸು ಅಂತೀಯಾ?"

"ಏಳು ವರ್ಷದ ಶತ್ರು, ಅಪ್ಪಾ. ಮುಂದಿನ ಹಲ್ಲು ಬೇರೆ ಬಿದ್ದಿದೆ."

ಬಸವನಹುಳುವಿನ ನೆಲದ ಮೇಲೆ ಆಮೆಯವನಿಗೆ ಕಲಿಸುವಂತಿಲ್ಲ. ಆಮೆಯ ನೆಲಕ್ಕೆ ದುಯಿಲಿಯೊ ಹೋಗುವಂತಿಲ್ಲ. ಅವರು ಎರಡು ದಿನ ಯೋಚಿಸಿ ಕೋಟೆಯ ಬಾಗಿಲಿನ ಹೊರಗೆ, ಆಲಿವ್ ಮರಗಳ ಕೆಳಗೆ ಜಾಗ ಗೊತ್ತುಮಾಡಿದರು. ಗೋಡೆಯ ಹೊರಗಿನ ನೆಲ ಯಾವ ಕೇರಿಗೂ ಸೇರಿದ್ದಲ್ಲ. ಭಾನುವಾರಗಳಂದು ಒಂದು ಹಳೆಯ ಕುರ್ಚಿಯನ್ನು ಹೊತ್ತುಕೊಂಡು, ಹುಲ್ಲು ನೆನೆಸಲು ಹಳ್ಳಕ್ಕೆ ಹೋಗುವವರಂತೆ ಅವರು ಹೊರಡುತ್ತಿದ್ದರು. ಅಜ್ಜನೂ ಮೊಮ್ಮಗನೂ ಆ ಕುರ್ಚಿಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಬಾರಿಸುವುದನ್ನು ಬಸವನಹುಳುವಿನ ಇಡೀ ಕೇರಿ ಗೋಡೆಯ ಮೇಲೆ ಮೊಣಕೈಯೂರಿ ನೋಡುತ್ತಿತ್ತು. ಕೇಳಿದರೆ ಮಾತ್ರ ಯಾರೂ ಏನನ್ನೂ ನೋಡಿರುತ್ತಿರಲಿಲ್ಲ.

ಈಗ ಆಲ್ವಾರೊ ಮೀಸೆ ಬಂದ ಹುಡುಗ. ಆಮೆ ಕೇರಿಯ ಡೋಲು ಅವನ ಹೆಗಲ ಮೇಲಿದೆ. ದುಯಿಲಿಯೊ ಅವರ ಬೆರಳುಗಳು ಗಂಟುಕಟ್ಟಿವೆ, ಕುರ್ಚಿ ಕೆಲಸ ಬಿಟ್ಟಿದ್ದಾರೆ. ಜೂನ್ ತಿಂಗಳಲ್ಲಿ ಆಮೆಯವರ ಮೆರವಣಿಗೆ ಊರು ಸುತ್ತುವ ದಿನ ಅದು ಬಸವನಹುಳುವಿನ ಬೀದಿಗೆ ಬರುವುದಿಲ್ಲ, ಶತ್ರುವಿನ ಬೀದಿಗೆ ಯಾರೂ ಬರುವುದಿಲ್ಲ; ಆದರೆ ಪಕ್ಕದ ಬೀದಿಯ ಡೋಲಿಗೆ ಗಡಿ ಗೊತ್ತಿಲ್ಲ. ಆ ಬೆಳಗ್ಗೆ ದುಯಿಲಿಯೊ ಕಿಟಕಿಗಳನ್ನು ಭದ್ರವಾಗಿ ಹಾಕಿಸುತ್ತಾರೆ. ಬಸವನಹುಳುವಿನವನೊಬ್ಬ ಆಮೆಯ ಡೋಲಿಗೆ ಕಿವಿಗೊಟ್ಟದ್ದನ್ನು ಯಾರಾದರೂ ಕಂಡಾರು. ಹಾಕಿದ ಮೇಲೆ ಕುರ್ಚಿಯನ್ನು ಕಿಟಕಿಗೆ ಅಂಟಿಸಿಕೊಂಡು ಕೂರುತ್ತಾರೆ. ಹೋದ ವರ್ಷ ನಾನೂ ಅಲ್ಲಿದ್ದೆ. ಅರ್ಮೀದಾ ಮೇಜಿನ ಮೇಲೆ ಬಟಾಣಿ ಕಾಳು ಬಿಡಿಸುತ್ತಿದ್ದರು. ಡೋಲು ಹತ್ತಿರ ಬಂತು, ತಿರುವಿನಲ್ಲಿ ಜೋರಾಯಿತು, ನಿಧಾನವಾಗಿ ದೂರ ಸರಿಯಿತು.

"ಎಡಗೈ ಸ್ವಲ್ಪ ತಡ" ಎಂದರು ದುಯಿಲಿಯೊ.

"ನಿಂದೂ ತಡಾನೇ ಇತ್ತು" ಎಂದರು ಅರ್ಮೀದಾ, ಕಾಳಿನಿಂದ ಕಣ್ಣೆತ್ತದೆ.

"ಭಾನುವಾರ ಬಾ ಅಂತ ಹೇಳಿಕಳಿಸು" ಎಂದು ಹೇಳಿ, ಅವರು ಸದ್ದು ಪೂರಾ ನಿಲ್ಲುವವರೆಗೆ ಹಾಗೆಯೇ ಕುಳಿತಿದ್ದರು. ಭಾನುವಾರಗಳಂದು ಅವರು ಈಗಲೂ ಕೋಲೂರಿಕೊಂಡು ಕೋಟೆಯ ಬಾಗಿಲು ದಾಟುತ್ತಾರೆ. ಕುರ್ಚಿಯನ್ನು ಮಾತ್ರ ಮೊಮ್ಮಗ ಹೊರುತ್ತಾನೆ.